ಕಿಟಕಿಯ ಕಟ್ಟೆಗೆ ಇಳಿಯದ ಧೂಳು

ಬೆಳಗಿನ ಕಾಫಿಗೆ ಮುಂಚೆ ನನ್ನ ಹೆಂಡತಿ ಮಾಡುವ ಮೊದಲ ಕೆಲಸ, ದಕ್ಷಿಣದ ಕಿಟಕಿಯ ಕಟ್ಟೆಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆಯುವುದು. ಆಮೇಲೆ ಬೆರಳ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ, ಒಮ್ಮೆ ನನ್ನ ಮುಖವನ್ನು ನೋಡುತ್ತಾಳೆ, ಒರೆಸುವ ಬಟ್ಟೆ ತರಲು ಒಳಗೆ ಹೋಗುತ್ತಾಳೆ. ನಾವು ಕೊಂಡಪಲ್ಲಿಗೆ ಬಂದು ಹತ್ತೊಂಬತ್ತು ವರ್ಷಗಳಾದವು. ಹಬ್ಬ ಹುಣ್ಣಿಮೆಗಳಲ್ಲಿ ಊರಿಗೆ ಹೋದ ದಿನಗಳನ್ನು ಬಿಟ್ಟರೆ ಈ ನಿತ್ಯವಿಧಿ ತಪ್ಪಿದ್ದಿಲ್ಲ.

ಕೊಂಡಪಲ್ಲಿ ಎಂದೊಡನೆ ತೆಲುಗರಿಗೆ ನೆನಪಾಗುವುದು ಬೊಂಬೆ. ನಮಗೆ ಚನ್ನಪಟ್ಟಣ ಹೇಗೋ ಇವರಿಗೆ ಈ ಊರು ಹಾಗೆ. ಚನ್ನಪಟ್ಟಣದವರು ಹಾಲೆಮರವನ್ನು ಚರಕಿಗೆ ಕೊಟ್ಟು ಕಡೆದು ಅರಗಿನ ಬಣ್ಣ ಹಾಕಿದರೆ, ಇಲ್ಲಿಯವರು ತೆಲ್ಲ ಪೊಣಿಕಿ ಎಂಬ ಹಗುರವಾದ ಮೆತುಮರವನ್ನು ಉಳಿಯಿಂದ ಕೆತ್ತುತ್ತಾರೆ. ಅಂಬಾರಿ ಆನೆ, ಎತ್ತಿನ ಗಾಡಿ, ತಾಳೆಮರ ಹತ್ತುವ ಕಳ್ಳು ಇಳಿಸುವವನು, ದಶಾವತಾರ. ಕೈಕಾಲುಗಳನ್ನು ಬೇರೆಯಾಗಿ ಕೆತ್ತಿ, ಮರದ ಹೊಟ್ಟನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದ ಮಕ್ಕು ಎಂಬ ಹದವಾದ ಮುದ್ದೆಯಿಂದ ದೇಹಕ್ಕೆ ಸೇರಿಸುತ್ತಾರೆ. ನಮ್ಮ ಪಕ್ಕದ ಮನೆಯವರದೂ ಇದೇ ಕಸುಬು. ಅವರ ಜಗಲಿಯ ಮೇಲೆ ಹಗಲೆಲ್ಲ ಉಳಿಯ ಸದ್ದು, ಬಿಸಿಲಿನ ಕೋಲಿನಲ್ಲಿ ಹೊಟ್ಟಿನ ಕುಣಿತ.

ಊರಿನ ಒಂದು ಮಗ್ಗುಲಿಗೆ ರೆಡ್ಡಿ ಅರಸರ ಕಾಲದ ಕೋಟೆ ಹೊತ್ತ ಗುಡ್ಡ. ಇನ್ನೊಂದು ಮಗ್ಗುಲಿಗೆ, ಇಬ್ರಾಹಿಂಪಟ್ಟಣದ ಕಡೆಗೆ, ಡಾ. ನಾರ್ಲ ತಾತಾರಾವು ಹೆಸರಿನ ಉಷ್ಣ ವಿದ್ಯುತ್ ಸ್ಥಾವರ. 1979ರಲ್ಲಿ ಮೊದಲ ಘಟಕ ಆರಂಭವಾದದ್ದು. ಅದರಾಚೆ ಕೃಷ್ಣೆ. ನನ್ನ ಹೆಂಡತಿಯ ತವರು ರಾಯಚೂರು ಜಿಲ್ಲೆಯ ದೇವಸೂಗೂರು. ಅಲ್ಲಿಯೂ ಇದೇ ಕೃಷ್ಣೆಯ ದಂಡೆ. ಅಲ್ಲಿಯ ಶಕ್ತಿನಗರದಲ್ಲಿ 1985ರಿಂದ ಕರ್ನಾಟಕದ್ದೇ ಉಷ್ಣ ಸ್ಥಾವರ. ಅವಳು ಹುಡುಗಿಯಾಗಿ ಬೆಳೆದದ್ದು ಒಂದು ಚಿಮಣಿಯನ್ನು ನೋಡುತ್ತ, ಗೃಹಿಣಿಯಾಗಿ ಬಾಳುತ್ತಿರುವುದು ಇನ್ನೊಂದನ್ನು ನೋಡುತ್ತ. ನಾವು ಈ ಮನೆಗೆ ಬಂದ ಮರುದಿನವೇ ಕಿಟಕಿಯ ಕಟ್ಟೆ ಒರೆಸಿ ಅವಳು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನಾ ಹೋದಲ್ಲೆಲ್ಲಾ ನಮ್ಮ ಹೊಳಿನೂ ಬಂತು, ನಮ್ಮ ಬೂದಿನೂ ಬಂತು ನೋಡ್ರಿ."

ನಾನು ವಿಜಯವಾಡದ ಒಂದು ಇಂಟರ್‌ಮೀಡಿಯೆಟ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಬರುವ ತಪ್ಪಿನ ತೂಕ ಅದರಿಂದ ಹೆಚ್ಚುತ್ತದೆ.

ಆರು ವರ್ಷಗಳ ಹಿಂದೆ ಅವಳಿಗೆ ಕೆಮ್ಮು ಹತ್ತಿತು. ಮೊದಲು ಚಳಿಗಾಲದ ಕೆಮ್ಮು ಎಂದುಕೊಂಡೆವು. ಆಮೇಲೆ ಅದು ರಾತ್ರಿಯ ಕೆಮ್ಮಾಯಿತು, ಎರಡು ಗಂಟೆಗೆ ಎದ್ದು ಕುಳಿತು ಉಸಿರಿಗಾಗಿ ಹೋರಾಡುವ ಕೆಮ್ಮಾಯಿತು. ವಿಜಯವಾಡದ ವೈದ್ಯರೊಬ್ಬರು ಇನ್‌ಹೇಲರ್ ಬರೆದುಕೊಟ್ಟು, ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದರು: "ಮನೆಯಲ್ಲಿ ಹೊಗೆ ಇದೆಯೆ?" ಅವಳು ಬಾಯಿ ತೆರೆಯುವ ಮೊದಲೇ ನಾನು ಉತ್ತರಿಸಿದೆ. ಇಲ್ಲ ಡಾಕ್ಟ್ರೆ, ಗ್ಯಾಸ್ ಒಲೆ. ನಾನು ಸಿಗರೇಟು ಮುಟ್ಟಿದವನಲ್ಲ. ಆದರೆ ಕಿಟಕಿಯಿಂದ ನೋಡಿದರೆ ಚಿಮಣಿ ಕಾಣುತ್ತದೆ. ವೈದ್ಯರು ತಲೆಯಾಡಿಸಿ ಬರೆದುಕೊಂಡರು. ಒಬ್ಬ ರಸಾಯನಶಾಸ್ತ್ರದ ಮೇಷ್ಟ್ರು ಇಷ್ಟು ಖಚಿತವಾಗಿ ಹೇಳಿದ ಮೇಲೆ ಅವರು ಇನ್ನೇನು ಕೇಳಿಯಾರು?

ಊಹೆಯನ್ನು ಪುರಾವೆ ಮಾಡಬೇಕೆಂಬ ಹಟ ಮೇಷ್ಟ್ರ ಜಾತಿಗೆ ಹುಟ್ಟಿನಿಂದಲೇ ಬಂದದ್ದು. ಕಿಟಕಿಯ ಕಟ್ಟೆಯ ಧೂಳನ್ನು ಪಾರದರ್ಶಕ ಟೇಪಿನ ಅಂಟಿಗೆ ಒತ್ತಿ ಎತ್ತಿ, ಗಾಜಿನ ಪಟ್ಟಿಗೆ ಅಂಟಿಸಿ ಕಾಲೇಜಿಗೆ ಒಯ್ದೆ. ಜೀವಶಾಸ್ತ್ರ ವಿಭಾಗದ ಸೂಕ್ಷ್ಮದರ್ಶಕದಲ್ಲಿ ನಾನೂರು ಪಟ್ಟು ಹಿಗ್ಗಿಸಿ ನೋಡಿದೆ. ಅಲ್ಲಿ ಕಂಡದ್ದನ್ನು ನಾನು ಮರೆಯುವ ಹಾಗಿಲ್ಲ. ಅಂಚು ಮುರಿದ ಗಾಜಿನ ಚೂರುಗಳಂಥ ಖನಿಜದ ಕಣಗಳು, ಅವು ರಸ್ತೆಯ ಮಣ್ಣು. ನಾರು ನಾರಾದ ಎಳೆಗಳು, ಅವು ಪಕ್ಕದ ಮನೆಯ ಪೊಣಿಕಿ ಮರದವು. ಒಂದೆರಡು ಕಡೆ ಬಣ್ಣದ ಹಕ್ಕಳೆ. ಇವೆಲ್ಲದರ ನಡುವೆ, ಹೆಣ್ಣುಮಕ್ಕಳ ಬಳೆಯಂಗಡಿಯಲ್ಲಿ ಚೆಲ್ಲಿದ ಮಣಿಗಳ ಹಾಗೆ, ದುಂಡನೆಯ, ನುಣುಪಾದ, ಒಳಗೆ ಬೆಳಕು ಹೊಳೆಯುವ ಗೋಲಿಗಳು. ಅದು ಹಾರುಬೂದಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಸಾಮಾನ್ಯವಾಗಿ ಶೇಕಡಾ 30ರಿಂದ 45. ಕುಲುಮೆಯ ತಾಪಕ್ಕೆ ಅದರ ಜೇಡಿ ಖನಿಜಗಳು ಕರಗಿ, ಗಾಳಿಯಲ್ಲಿ ತೇಲುತ್ತಲೇ ಹನಿಯಾಗಿ, ಹನಿಯಾಗಿದ್ದಾಗಲೇ ತಣಿದು ಗಾಜಾಗುತ್ತವೆ. ಮಳೆಹನಿ ದುಂಡಗಿರುವ ಕಾರಣಕ್ಕೇ ಇವೂ ದುಂಡಗೆ. ಆಕಾರವೊಂದೇ ಸಾಕು, ಕಣದ ಜಾತಕ ಹೇಳುವುದಕ್ಕೆ.

ಆ ಸಂಜೆ ಫೋನಿನಲ್ಲಿ ತೆಗೆದ ಚಿತ್ರವನ್ನು ಅವಳಿಗೆ ತೋರಿಸಿದೆ. ನೋಡು, ನಿನ್ನ ಕೆಮ್ಮಿನ ಮೂಲ ಸಿಕ್ಕಿತು, ಎಂದು ಗೆದ್ದವನ ದನಿಯಲ್ಲಿ ಹೇಳಿದೆ. ಅವಳು ಗೋಲಿಗಳನ್ನು ಬಹಳ ಹೊತ್ತು ನೋಡಿದಳು; "ಚೆಂದ ಅವ" ಎಂದಳು. ಆಮೇಲೆ ಕೇಳಿದಳು: "ಅಲ್ರೀ, ಇವು ಕಟ್ಟಿ ಮ್ಯಾಲ ಬಿದ್ದಾವಲ್ಲ. ಬಿದ್ದದ್ದು ಬಿತ್ತು. ನನ್ನ ಎದಿಯಾಗ ಹೋಗಿದ್ದು ಬೀಳಲಾರದ್ದು ಇರಬೇಕಲ್ಲಾ?"

ಅವಳು ಓದಿದ್ದು ಹತ್ತನೆಯ ತರಗತಿಯವರೆಗೆ. ನಾನು ಇಪ್ಪತ್ತೆಂಟು ವರ್ಷ ಕಲಿಲ ರಸಾಯನ ಪಾಠ ಮಾಡಿದವನು. ಒಂದು ವಸ್ತುವಿನ ಸಣ್ಣ ಕಣಗಳು ಇನ್ನೊಂದರಲ್ಲಿ ಚದುರಿ, ಕರಗದೆಯೂ ತಳಕ್ಕೆ ಇಳಿಯದೆಯೂ ನಿಂತರೆ ಅದು ಕಲಿಲ. ಘನ, ದ್ರವ, ಅನಿಲಗಳನ್ನು ಒಂದರಲ್ಲೊಂದು ಚದುರಿಸಿದರೆ ಒಂಬತ್ತು ಜೋಡಿಗಳಾಗಬೇಕು. ಆದರೆ ಅನಿಲದಲ್ಲಿ ಅನಿಲ ಪೂರ್ತಿಯಾಗಿ ಬೆರೆತುಹೋಗುವುದರಿಂದ ಅದು ಲೆಕ್ಕಕ್ಕಿಲ್ಲ, ಉಳಿಯುವುದು ಎಂಟು. ಹಾಲು, ಮೊಸರು, ಶಾಯಿ, ನೊರೆ ಎಲ್ಲ ಆ ಎಂಟರೊಳಗೆ ಬರುತ್ತವೆ. ಅನಿಲದಲ್ಲಿ ಘನವೋ ದ್ರವವೋ ಚದುರಿದರೆ ಅದಕ್ಕೆ ಏರೋಸಾಲ್ ಎಂದು ಹೆಸರು. ಮಂಜು, ಮೋಡ, ಹೊಗೆ, ಧೂಳು. ಮೊದಲ ಮಹಾಯುದ್ಧದ ಸುತ್ತಮುತ್ತ ಹುಟ್ಟಿದ ಮಾತು ಅದು, ನೀರಿನ ಕಲಿಲಕ್ಕೆ ಇದ್ದ ಹೈಡ್ರೋಸಾಲ್ ಎಂಬ ಹೆಸರಿಗೆ ಜೋಡಿಯಾಗಿ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಮಕ್ಕಳು ಮಂಜು, ಹೊಗೆ ಎಂದು ಬರೆಯುತ್ತಾರೆ, ನಾನು ಕೆಂಪು ಶಾಯಿಯಲ್ಲಿ ಸರಿ ಹಾಕುತ್ತೇನೆ. 'ತಳಕ್ಕೆ ಇಳಿಯದೆ' ಎಂಬ ಎರಡು ಪದಗಳನ್ನು ಕರಿಹಲಗೆಯ ಮೇಲೆ ಎಷ್ಟು ಸಾವಿರ ಸಲ ಬರೆದಿದ್ದೇನೋ. ಆದರೂ ತಳಕ್ಕೆ ಇಳಿದದ್ದನ್ನು ಟೇಪಿಗೆ ಅಂಟಿಸಿಕೊಂಡು, ಇದೇ ಗಾಳಿಯ ಸತ್ಯ ಎಂದು ಮೆರೆದೆ!

ಅಂದು ರಾತ್ರಿ ಲೆಕ್ಕ ಹಾಕುತ್ತ ಕುಳಿತೆ. ನೀರಿನಷ್ಟೇ ಸಾಂದ್ರತೆಯ ದುಂಡು ಕಣವೊಂದು ನಿಶ್ಚಲ ಗಾಳಿಯಲ್ಲಿ ಮೂರು ಮೀಟರ್ ಎತ್ತರದ ಚಾವಣಿಯಿಂದ ನೆಲಕ್ಕೆ ಇಳಿಯಬೇಕು. ಕಣದ ಅಡ್ಡಳತೆ 10 ಮೈಕ್ರೋಮೀಟರ್ ಆದರೆ, ಎಂದರೆ ತಲೆಗೂದಲಿನ ದಪ್ಪದ ಸುಮಾರು ಏಳನೆಯ ಒಂದು ಪಾಲಾದರೆ, ಹದಿನೇಳು ನಿಮಿಷ ಸಾಕು. 1 ಮೈಕ್ರೋಮೀಟರ್ ಆದರೆ ಇಡೀ ಒಂದು ದಿನ ಬೇಕು. 0.1 ಮೈಕ್ರೋಮೀಟರ್ ಆದರೆ ನಲವತ್ತು ದಿನ. ಹೆಚ್ಚುಕಡಿಮೆ ಅಯ್ಯಪ್ಪನ ಮಾಲೆ ಹಾಕಿದವರ ಒಂದು ಮಂಡಲ. ಯಾವ ಮನೆಯಲ್ಲಿ ಗಾಳಿ ನಲವತ್ತು ದಿನ ಅಲುಗಾಡದೆ ನಿಲ್ಲುತ್ತದೆ? ಬಾಗಿಲು ತೆರೆದರೆ, ಸೀರೆಯ ಸೆರಗು ಬೀಸಿದರೆ, ಒಬ್ಬರು ನಡೆದು ಹೋದರೆ ಅದು ಮತ್ತೆ ಮೇಲೆ. ಅಷ್ಟು ಸಣ್ಣದು ಇಳಿಯುವುದು ಮಳೆಯ ಜೊತೆಗೆ, ಇಲ್ಲವೆ ಯಾರದಾದರೂ ಎದೆಯೊಳಗೆ. ಕಿಟಕಿಯ ಕಟ್ಟೆಯಲ್ಲಿ ಸಿಕ್ಕವು ಬೇಗ ಬೀಳುವ ಭಾರದವು. ಉಸಿರಿನಲ್ಲಿ ಆಳಕ್ಕೆ ಇಳಿಯುವಂಥದ್ದು ನನ್ನ ಟೇಪಿಗೆ ಅಂಟಲೇ ಇಲ್ಲ. ಅಂಟಿದ್ದರೂ ಆ ಸೂಕ್ಷ್ಮದರ್ಶಕಕ್ಕೆ ಕಾಣುತ್ತಿರಲಿಲ್ಲ.

ಬೀಳಲಾರದ್ದನ್ನು ಹಿಡಿಯುವುದು ಹೇಗೆ? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಿಶಾಖಪಟ್ಟಣದಲ್ಲಿ ಇದೇ ವಿಷಯದ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಕಳೆದ ಡಿಸೆಂಬರಿನಲ್ಲಿ ಬೇರೊಂದು ಕೆಲಸಕ್ಕೆ ಹೋದವನು ಒಂದು ಇಡೀ ದಿನ ಅವಳ ಪ್ರಯೋಗಶಾಲೆಯಲ್ಲಿ ಕಳೆದೆ. ಮೇಷ್ಟ್ರು ಶಿಷ್ಯೆಯ ಮುಂದೆ ವಿದ್ಯಾರ್ಥಿಯಾಗಿ ಕೂರುವುದರಲ್ಲಿ ಒಂದು ಸುಖವಿದೆ.

ಮೊದಲು ಅವಳು ತೋರಿಸಿದ್ದು ಗಾಳಿಯನ್ನು ಹೀರುವ ಒಂದು ಎತ್ತರದ ಡಬ್ಬಿ. ಒಳಗೆ ಜರಡಿಗಳಂಥ ತಟ್ಟೆಗಳು ಒಂದರ ಕೆಳಗೊಂದು. ಪ್ರತಿ ತಟ್ಟೆಯ ತೂತಿನಿಂದ ರಭಸವಾಗಿ ಬಂದ ಗಾಳಿ ಎದುರಿನ ಫಲಕವನ್ನು ಕಂಡು ತಟ್ಟನೆ ತಿರುಗಬೇಕು. ಸಣ್ಣ ಕಣ ಗಾಳಿಯೊಡನೆ ತಿರುಗಿಬಿಡುತ್ತದೆ; ದೊಡ್ಡದಕ್ಕೆ ತಿರುಗಲಾಗದೆ ಫಲಕಕ್ಕೆ ಹೊಡೆದು ಅಂಟಿಕೊಳ್ಳುತ್ತದೆ. ವಿಜಯವಾಡದ ಬೆಂಜ್ ಸರ್ಕಲ್ಲಿನಲ್ಲಿ ಸ್ಕೂಟರು ಸುಲಭವಾಗಿ ತಿರುಗುವಲ್ಲಿ ಭಾರ ತುಂಬಿದ ಲಾರಿ ಒದ್ದಾಡುವುದನ್ನು ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಕೆಳಗಿಳಿದಂತೆ ತೂತುಗಳು ಕಿರಿದಾಗುತ್ತವೆ, ಗಾಳಿಯ ವೇಗ ಹೆಚ್ಚುತ್ತದೆ, ಇನ್ನೂ ಸಣ್ಣ ಕಣಗಳು ಸಿಕ್ಕಿಬೀಳುತ್ತವೆ. ಗಾತ್ರಕ್ಕೆ ತಕ್ಕ ಹಾಗೆ ಗಾಳಿಯನ್ನು ಅಂತಸ್ತು ಅಂತಸ್ತಾಗಿ ವಿಂಗಡಿಸಿದ ಹಾಗಾಯಿತು.

ಇಲ್ಲಿ 'ಗಾತ್ರ' ಎಂಬ ಮಾತಿನಲ್ಲೇ ಒಂದು ಸೂಕ್ಷ್ಮವಿದೆ. ನಾರಿನಂಥ ಹೊಟ್ಟಿಗೆ, ಮುರುಕು ಮಣ್ಣಿಗೆ, ಗಾಜಿನ ಗೋಲಿಗೆ ಒಂದೇ ಅಳತೆಗೋಲು ಯಾವುದು? ಆದ್ದರಿಂದ ವಿಜ್ಞಾನಿಗಳು ಕಣದ ಮೈಯನ್ನು ಅಳೆಯುವ ಗೊಡವೆ ಬಿಟ್ಟು ಅದರ ನಡತೆಯನ್ನು ಅಳೆಯುತ್ತಾರೆ. ಗಾಳಿಯಲ್ಲಿ ಅದು ಎಷ್ಟು ವೇಗದಲ್ಲಿ ಇಳಿಯುತ್ತದೋ ಅಷ್ಟೇ ವೇಗದಲ್ಲಿ ಇಳಿಯುವ, ನೀರಿನ ಸಾಂದ್ರತೆಯ ಗೋಲಿಯ ಅಡ್ಡಳತೆ ಯಾವುದೋ ಅದೇ ಈ ಕಣದ ಅಡ್ಡಳತೆ. ಇದಕ್ಕೆ ವಾಯುಗತಿಯ ವ್ಯಾಸ ಎನ್ನಬಹುದು. ಪತ್ರಿಕೆಗಳಲ್ಲಿ ದಿನವೂ ಓದುವ ಪಿಎಂ 10, ಪಿಎಂ 2.5 ಎಂಬಲ್ಲಿನ ಅಂಕಿ ಇದೇ. ಹಗುರವಾದ ಪೊಣಿಕಿಯ ದೊಡ್ಡ ಚೂರೂ ಭಾರವಾದ ಬೂದಿಯ ಸಣ್ಣ ಗೋಲಿಯೂ ಒಂದೇ ವೇಗದಲ್ಲಿ ಇಳಿದರೆ ಈ ಲೆಕ್ಕದಲ್ಲಿ ಅವಳಿಜವಳಿಗಳು.

ಎರಡನೆಯದು ತೂಕ. ಬಿಳಿಯ ಫಿಲ್ಟರನ್ನು ಹದವಾದ ತೇವದ ಕೋಣೆಯಲ್ಲಿಟ್ಟು, ಮಿಲಿಗ್ರಾಮಿನ ಸಾವಿರದ ಒಂದು ಪಾಲನ್ನೂ ಗುರುತಿಸುವ ತಕ್ಕಡಿಯಲ್ಲಿ ತೂಗಿ, ಒಂದು ಹಗಲಿರುಳು ಗಾಳಿಯನ್ನು ಅದರ ಮೂಲಕ ಎಳೆದು ಮತ್ತೆ ತೂಗುತ್ತಾರೆ. ಕಾನೂನಿಗೆ ಬೇಕಾದದ್ದು ಈ ತೂಕ ಮಾತ್ರ. ನಮ್ಮ ದೇಶದ 2009ರ ಮಾನದಂಡದಂತೆ ಪಿಎಂ 2.5 ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಮ್ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಆದರೆ ತೂಕ ದೊಡ್ಡವರ ಪಕ್ಷಪಾತಿ. 10 ಮೈಕ್ರೋಮೀಟರಿನ ಒಂದೇ ಒಂದು ಕಣ, 0.1 ಮೈಕ್ರೋಮೀಟರಿನ ಹತ್ತು ಲಕ್ಷ ಕಣಗಳಷ್ಟು ತೂಗುತ್ತದೆ. ಹಾಗಾಗಿ ತೂಗುವುದಲ್ಲದೆ ಎಣಿಸುವುದೂ ಬೇಕು. ಕಾಣದಷ್ಟು ಸಣ್ಣದನ್ನು ಎಣಿಸುವ ಉಪಾಯವನ್ನು 1880ರ ದಶಕದಲ್ಲೇ ಸ್ಕಾಟ್ಲೆಂಡಿನ ಜಾನ್ ಏಟ್ಕಿನ್ ಕಂಡುಕೊಂಡಿದ್ದರು: ತೇವದ ಗಾಳಿಯನ್ನು ಥಟ್ಟನೆ ಹಿಗ್ಗಿಸಿ ತಣಿಸಿದರೆ ಪ್ರತಿಯೊಂದು ಕಣದ ಸುತ್ತಲೂ ನೀರು ಕಟ್ಟಿ ಹನಿಯಾಗುತ್ತದೆ, ಹನಿಯನ್ನು ಎಣಿಸಿದರಾಯಿತು. ಈಗಿನ ಯಂತ್ರಗಳು ನೀರಿನ ಬದಲು ಹಲವು ಸಲ ಆಲ್ಕೊಹಾಲನ್ನು ಬಳಸುತ್ತವೆ; ಉಪಾಯ ಮಾತ್ರ ಅದೇ.

ಮೂರನೆಯದು, ನನ್ನ ಮನಸ್ಸಿಗೆ ಹತ್ತಿರವಾದದ್ದು, ಕಣದ ಒಳಗೆ ಏನಿದೆ ಎಂಬ ವಿಚಾರಣೆ. ಫಿಲ್ಟರಿನ ಒಂದು ತುಂಡನ್ನು ನೀರಿನಲ್ಲಿ ನೆನೆಸಿ ಅಯಾನುಗಳನ್ನು ಬೇರ್ಪಡಿಸುತ್ತಾರೆ: ಸಲ್ಫೇಟ್, ನೈಟ್ರೇಟ್, ಅಮೋನಿಯಂ, ಪೊಟ್ಯಾಸಿಯಂ, ಸೋಡಿಯಂ. ಇನ್ನೊಂದು ತುಂಡನ್ನು ಆಮ್ಲದಲ್ಲಿ ಕರಗಿಸಿ ಲೋಹಗಳನ್ನು ಹುಡುಕುತ್ತಾರೆ. ಮತ್ತೊಂದನ್ನು ಹಂತ ಹಂತವಾಗಿ ಕಾಯಿಸಿ ಸಾವಯವ ಇಂಗಾಲವನ್ನೂ ಮಸಿಯ ಇಂಗಾಲವನ್ನೂ ಬಿಡಿಸುತ್ತಾರೆ. ಅಲ್ಯುಮಿನಿಯಂ, ಸಿಲಿಕಾನ್ ಹೆಚ್ಚಿದ್ದರೆ ಮಣ್ಣು ಅಥವಾ ಬೂದಿ. ಪೊಟ್ಯಾಸಿಯಂ ಜೊತೆಗೆ ಲೆವೊಗ್ಲುಕೋಸಾನ್ ಎಂಬ ಸಕ್ಕರೆಯ ನೆಂಟ ಸಿಕ್ಕಿದರೆ ಎಲ್ಲೋ ಸೌದೆ ಉರಿದಿದೆ. ಸೆಲ್ಯುಲೋಸ್ ಬೆಂದಾಗ ಹುಟ್ಟುವ ವಸ್ತು ಅದು. ವಿಶಾಖಪಟ್ಟಣದ ಫಿಲ್ಟರಿನಲ್ಲಿ ಕಡಲಿನ ಉಪ್ಪು ಇರಲೇಬೇಕು. ಆದರೆ ಉಪ್ಪಿನಲ್ಲಿ ಸೋಡಿಯಮ್ಮಿಗೆ ತಕ್ಕಷ್ಟು ಕ್ಲೋರೈಡ್ ಕಾಣದಿದ್ದರೆ, ನಗರದ ಆಮ್ಲಗಳು ಅದನ್ನು ಓಡಿಸಿ ತಾವು ಕುಳಿತಿವೆ ಎಂದರ್ಥ. ಅತಿಥಿ ಮನೆಯ ಯಜಮಾನನಾದ ಹಾಗೆ.

ಅಟ್ಟದ ಮೇಲೆ ಒಂದು ಪೆಟ್ಟಿಗೆ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಬಿಳಿಯ ಟೇಪಿನ ಮೇಲೆ ಗಾಳಿ ಬಂದು ತಾಕಿದಲ್ಲಿ ಒಂದು ಚುಕ್ಕೆ, ನಿಮಿಷ ನಿಮಿಷಕ್ಕೂ ಕಪ್ಪೇರುವ ಚುಕ್ಕೆ. ಅದರ ಮೂಲಕ ಹಾಯುವ ಬೆಳಕು ಎಷ್ಟು ಮಂಕಾಯಿತು ಎಂಬುದರಿಂದ ಕಪ್ಪು ಇಂಗಾಲದ ಅಳತೆ. ಈಥಲೋಮೀಟರ್ ಎಂದು ಹೆಸರು. ಮಸಿ ಹಿಡಿಸು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಇಸ್ರೋದ ಏರೋಸಾಲ್ ವೀಕ್ಷಣಾ ಜಾಲದ ಕೇಂದ್ರಗಳು ವಿಶಾಖಪಟ್ಟಣದಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇವೆ ಎಂದು ಕೇಳಿ, ದೂರದ ಊರಿನಲ್ಲಿ ನೆಂಟರ ಮನೆ ಸಿಕ್ಕಷ್ಟು ಸಂತೋಷವಾಯಿತು.

ಇನ್ನೊಂದು ನೆಂಟಸ್ತಿಕೆಯೂ ಇದೆ. ಬೆಂಗಳೂರಿಗೆ 1933ರಲ್ಲಿ ಬಂದು ಅಲ್ಲಿಯವರೇ ಆಗಿಹೋದ ಸಿ. ವಿ. ರಾಮನ್ ಹುಡುಗನಾಗಿ ಬೆಳೆದದ್ದು ವಿಶಾಖಪಟ್ಟಣದಲ್ಲಿ. ತಂದೆ ಅಲ್ಲಿಯ ಕಾಲೇಜಿನಲ್ಲಿ ಉಪನ್ಯಾಸಕರು. ಮಗ ಹನ್ನೊಂದನೆಯ ವಯಸ್ಸಿಗೆ ಅಲ್ಲಿಯೇ ಮೆಟ್ರಿಕ್ಯುಲೇಷನ್ ಮುಗಿಸಿದವರು. 1921ರಲ್ಲಿ ಹಡಗಿನ ಮೇಲಿನಿಂದ ಮೆಡಿಟರೇನಿಯನ್ ಕಡಲಿನ ನೀಲಿಯನ್ನು ಕಂಡು, ಇದು ಆಕಾಶದ ಪ್ರತಿಬಿಂಬವಲ್ಲ, ನೀರೇ ಬೆಳಕನ್ನು ಚದುರಿಸುತ್ತಿದೆ ಎಂದು ವಾದಿಸಿದವರು. ಬಂಗಾಳ ಕೊಲ್ಲಿಯ ದಂಡೆಯಲ್ಲಿ ಸಂಜೆ ಕುಳಿತು ಶಿಷ್ಯೆಗೆ ಈ ಕಥೆ ಹೇಳಿದೆ. ಬೆಳಕಿನ ಅಲೆಗಿಂತ ಬಹಳ ಸಣ್ಣದಾದ ಯಾವುದೇ ವಸ್ತು ಕೆಂಪಿಗಿಂತ ನೀಲಿಯನ್ನು ಹೆಚ್ಚು ಚದುರಿಸುತ್ತದೆ. ಆಕಾಶ ನೀಲಿ, ದೂರದ ಬೆಟ್ಟ ನೀಲಿ. ಕಣ ದೊಡ್ಡದಾದಂತೆ ಬಣ್ಣ ಬೆಳ್ಳಗಾಗುತ್ತದೆ. ಇದನ್ನೂ ನಾನು ಪ್ರತಿ ವರ್ಷ ಪಾಠ ಮಾಡುವವನೇ. ಓದುಗರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಹೊರಡುವಾಗ ಅವಳು ಅಂಗೈಯಗಲದ ಒಂದು ಉಪಕರಣ ಕೊಟ್ಟಳು. ಒಳಗೆ ಪುಟ್ಟ ಫ್ಯಾನು, ಲೇಸರ್ ಕಿರಣ, ಅದಕ್ಕೆ ಅಡ್ಡವಾಗಿ ಒಂದು ಬೆಳಕಿನ ಕಣ್ಣು. ಕಣ ಹಾದಾಗ ಚದುರಿದ ಬೆಳಕನ್ನು ಕಣ್ಣು ಹಿಡಿದು, ಅದರಿಂದ ಪಿಎಂ 2.5 ಇಷ್ಟಿರಬಹುದೆಂದು ಊಹಿಸಿ ತೆರೆಯ ಮೇಲೆ ತೋರಿಸುತ್ತದೆ. "ಸರ್, ಇದು ಎಣಿಸುತ್ತದೆ, ಗುರುತಿಸುವುದಿಲ್ಲ" ಎಂದು ಎಚ್ಚರಿಸಿದಳು. ಎಚ್ಚರಿಕೆ ಮೂರೇ ದಿನದಲ್ಲಿ ನಿಜವಾಯಿತು. ಧನುರ್ಮಾಸದ ಒಂದು ಬೆಳಗಿನ ಜಾವ ಕೃಷ್ಣೆಯ ಮಂಜು ಊರನ್ನೆಲ್ಲ ಮುಚ್ಚಿದಾಗ ಮಹಡಿಯ ಮೇಲೆ ಅಂಕಿ ಜಿಗಿದೇಬಿಟ್ಟಿತು. ಗಾಬರಿಯಿಂದ ಫೋನು ಮಾಡಿದೆ, ಅವಳು ನಕ್ಕಳು. ಗಾಳಿಯ ತೇವ ಶೇಕಡಾ 80 ದಾಟಿದರೆ ಅಮೋನಿಯಂ ಸಲ್ಫೇಟಿನಂಥ ಕಣಗಳು ನೀರು ಕುಡಿದು ಉಬ್ಬುತ್ತವೆ, ಬಡಪಾಯಿ ಲೇಸರು ನೀರನ್ನೂ ಧೂಳೆಂದು ಎಣಿಸುತ್ತದೆ. ಪ್ರಯೋಗಶಾಲೆಯ ಫಿಲ್ಟರನ್ನು ತೇವ ಹದಗೊಳಿಸಿ ತೂಗುವುದು ಯಾಕೆ ಎಂಬುದು ಆಗ ಅರ್ಥವಾಯಿತು. ಭೋಗಿಯ ದಿನವೂ ಹಾಗೆಯೇ. ಇಲ್ಲಿ ಸಂಕ್ರಾಂತಿಯ ಹಿಂದಿನ ನಸುಕಿನಲ್ಲಿ ಬೀದಿ ಬೀದಿಯಲ್ಲಿ ಹಳೆಯ ಮರಮುಟ್ಟು ಸುಡುತ್ತಾರೆ. ಅಂಕಿ ಮತ್ತೆ ಮೂರಂಕಿಯ ಎತ್ತರಕ್ಕೆ ಹೋಯಿತು. ಮಂಜಿನ ಅಂಕಿಯೂ ಸೌದೆಯ ಅಂಕಿಯೂ ಹೆಚ್ಚುಕಡಿಮೆ ಒಂದೇ!

ಹೀಗೆ ಅದನ್ನು ಊರೆಲ್ಲ ಹೊತ್ತು ತಿರುಗಿದೆ. ರೈಲ್ವೆ ಗೇಟಿನ ಬಳಿ, ಕೋಟೆಯ ಮೆಟ್ಟಿಲ ಮೇಲೆ, ಪಕ್ಕದ ಮನೆಯ ಜಗಲಿಯಲ್ಲಿ. ಜಗಲಿಯಲ್ಲಿ ಕಣ್ಣಿಗೆ ಅಷ್ಟು ಹೊಟ್ಟು ಕಾಣುತ್ತಿದ್ದರೂ ಅಂಕಿ ಅಷ್ಟೇನೂ ಏರಲಿಲ್ಲ. ಹೊಟ್ಟು ದಪ್ಪನೆಯದು, ಬೇಗ ಬೀಳುವಂಥದ್ದು. ಒಂದು ರಾತ್ರಿ ಉಪಕರಣವನ್ನು ಆರಿಸಲು ಮರೆತು ನಮ್ಮ ಮಲಗುವ ಕೋಣೆಯ ಮೇಜಿನ ಮೇಲಿಟ್ಟು ನಿದ್ದೆ ಹೋದೆ. ಎರಡು ಗಂಟೆಗೆ ಅವಳ ಕೆಮ್ಮಿಗೆ ಎಚ್ಚರವಾಯಿತು. ಕತ್ತಲಲ್ಲಿ ತೆರೆ ಕೆಂಪಗೆ ಹೊಳೆಯುತ್ತಿತ್ತು. ಅದರಲ್ಲಿದ್ದ ಅಂಕಿ ಭೋಗಿಯ ಬೆಂಕಿಯದಕ್ಕಿಂತ ದೊಡ್ಡದು. ಕಿಟಕಿ ತೆರೆದು ಉಪಕರಣವನ್ನು ಹೊರಗೆ ಹಿಡಿದೆ. ಕೆಲವು ನಿಮಿಷದಲ್ಲಿ ಅಂಕಿ ನಾಲ್ಕನೆಯ ಒಂದು ಪಾಲಿಗೆ ಇಳಿಯಿತು. ಒಳಗೆ ತಂದೆ, ಏರಿತು.

ಮಂಚದ ಕೆಳಗೆ, ಅವಳ ತಲೆದಿಂಬಿನ ಬದಿಗೆ, ತಗಡಿನ ತಟ್ಟೆಯಲ್ಲಿ ಸೊಳ್ಳೆಬತ್ತಿ ಉರಿಯುತ್ತಿತ್ತು.

ನದಿಯ ಊರು, ಸೊಳ್ಳೆಗೆ ಬರವಿಲ್ಲ. ಅವಳ ಮೈಗೆ ಅವು ಹೆಚ್ಚು ಮುತ್ತುತ್ತವೆ. ಆದ್ದರಿಂದ ಹತ್ತೊಂಬತ್ತು ವರ್ಷ, ಪ್ರತಿ ರಾತ್ರಿ, ನಾನೇ ನನ್ನ ಕೈಯಿಂದ ಆ ಹಸಿರು ಸುರುಳಿಗೆ ಕಡ್ಡಿ ಗೀರಿ, ನಾನೇ ಅವಳ ಬದಿಗೆ ತಳ್ಳಿ ಮಲಗಿದ್ದೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿದ್ದೂ ನಾನೇ, ಚಿಮಣಿಯ ಬೂದಿ ಬಾರದಿರಲಿ ಎಂದು. ಕೆಂಪು ತುದಿಯಿಂದ ಏಳುವ ಎಳೆ ಅಚ್ಚ ನೀಲಿ. ಎಷ್ಟು ರಾತ್ರಿ ಅದನ್ನು ನೋಡುತ್ತ ನಿದ್ದೆ ಹೋಗಿದ್ದೇನೆ! ಹೊಗೆ ನೀಲಿಯಾಗಿದೆ ಎಂದರೆ ಅದರ ಕಣ ಬೆಳಕಿನ ಅಲೆಗಿಂತ ಸಣ್ಣದು ಎಂದು, ಸಣ್ಣದಾದರೆ ಬೀಳಲಾರದ್ದು ಎಂದು, ತರಗತಿಯಲ್ಲಿ ಹೇಳುವ ಬಾಯಿಗೆ ಮನೆಯಲ್ಲಿ ಹೊಳೆಯಲಿಲ್ಲ.

ಸೊಳ್ಳೆಬತ್ತಿಯಲ್ಲಿ ಸೊಳ್ಳೆಗೆ ಮಾರಕವಾದ ರಾಸಾಯನಿಕ ಇರುವುದು ಅತ್ಯಲ್ಪ. ಉಳಿದದ್ದು ಮರದ ಹೊಟ್ಟು, ತೆಂಗಿನ ಚಿಪ್ಪಿನ ಪುಡಿ, ಹಿಟ್ಟು, ಬಣ್ಣ. ಗಂಟೆಗಟ್ಟಲೆ ನಿಧಾನವಾಗಿ, ಜ್ವಾಲೆಯಿಲ್ಲದೆ ಕೊರಗುತ್ತ ಉರಿಯುವ ಸೌದೆಯೇ ಅದು. ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ ಹೊರಬರುವ ಪಿಎಂ 2.5ರ ತೂಕ 75ರಿಂದ 137 ಸಿಗರೇಟುಗಳಷ್ಟು. ಮನೆಯಲ್ಲಿ ಹೊಗೆ ಇದೆಯೆ ಎಂದು ವೈದ್ಯರು ಕೇಳಿದ್ದರು. ಸಿಗರೇಟು ಮುಟ್ಟಿದವನಲ್ಲ ಎಂದಿದ್ದೆ.

ಬೆಳಗ್ಗೆ ಅವಳಿಗೆ ಹೇಳುವುದಕ್ಕೆ ಮಾತು ಹುಡುಕುತ್ತಿದ್ದೆ. ಅವಳು ಕಿಟಕಿಯ ಕಟ್ಟೆಯಲ್ಲಿ ಗೆರೆ ಎಳೆಯುತ್ತಿದ್ದಳು. ಎಲ್ಲವನ್ನೂ ಹೇಳಿ ಮುಗಿಸಿದಾಗ ಅವಳು ಸಿಟ್ಟಾಗಲಿಲ್ಲ. "ನನಗ ಸೊಳ್ಳಿ ಕಡಿಬಾರದು ಅಂತ ಹಚ್ಚಿದ್ರಿ. ಹೋಗ್ಲಿ ಬಿಡ್ರಿ" ಎಂದಳು. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

ಸುದ್ದಿ ಪಕ್ಕದ ಮನೆಗೂ ಹೋಯಿತು. ಅವರು ಆನೆಯ ಸೊಂಡಿಲಿಗೆ ಮಕ್ಕು ಮೆತ್ತುತ್ತ ಎಲ್ಲವನ್ನೂ ಕೇಳಿಸಿಕೊಂಡು, ತಲೆಯೆತ್ತದೆ, "ಮರಿ ಆ ಪೊಗಗೊಟ್ಟಂ ಸಂಗತೇಂಟಂಡಿ, ಮಾಸ್ಟಾರೂ?" ಎಂದರು. ಹಾಗಾದರೆ ಆ ಚಿಮಣಿಯ ಕಥೆಯೇನು ಸ್ವಾಮಿ? ಅದು ನಿರಪರಾಧಿಯೋ?

ಈ ಪ್ರಶ್ನೆಗೆ ಅವಸರದ ಉತ್ತರ ಕೊಡುವ ಚಪಲವನ್ನು ಈ ಸಲ ತಡೆದುಕೊಂಡೆ. ಯಾವುದೇ ಕಲ್ಲಿದ್ದಲ ಸ್ಥಾವರದಲ್ಲಿ ಬೂದಿಯನ್ನು ಹಿಡಿಯುವ ಸ್ಥಿರವಿದ್ಯುತ್ತಿನ ಬಲೆಗಳು ತೂಕದ ಲೆಕ್ಕದಲ್ಲಿ ಶೇಕಡಾ 99ಕ್ಕೂ ಹೆಚ್ಚು ಹಿಡಿಯುವಂತೆ ಕಟ್ಟಿದವು. ಆದರೆ ಅವು ಅತ್ಯಂತ ದುರ್ಬಲವಾಗಿರುವುದು 0.1ರಿಂದ 1 ಮೈಕ್ರೋಮೀಟರಿನ ನಡುವೆ, ಅದೇ ಬೀಳಲಾರದ ಗಾತ್ರದಲ್ಲಿ. ಗಂಧಕದ ಡೈಆಕ್ಸೈಡು ಅನಿಲವಾದ್ದರಿಂದ ಆ ಬಲೆಗೆ ಸಿಕ್ಕುವುದೇ ಇಲ್ಲ. ಅದು ಗಾಳಿಯಲ್ಲಿ ಗಂಟೆಗಳು, ದಿನಗಳು ತೇಲಿ, ಆಕ್ಸಿಡೀಕರಣಗೊಂಡು, ಹೊಲಗಳಿಂದ ಬಂದ ಅಮೋನಿಯಾದೊಡನೆ ಕೂಡಿ ಸಲ್ಫೇಟ್ ಕಣವಾಗುವುದು ಊರಾಚೆ, ಜಿಲ್ಲೆಯಾಚೆ. ಚಿಮಣಿಯಿಂದ ಧೂಳಾಗಿ ಹೊರಡದೆ ದಾರಿಯಲ್ಲಿ ಧೂಳಾಗಿ ಹುಟ್ಟುವ ಧೂಳು ಅದು. ನಮ್ಮ ಕಿಟಕಿಯ ಕಟ್ಟೆಯ ಗೋಲಿಗಳೋ, ಚಿಮಣಿಯಿಂದಲೇ ಬಂದವೋ, ಬೂದಿ ಸಾಗಿಸುವ ಲಾರಿಯಿಂದ ಹಾರಿದವೋ ಹೇಳುವಂತಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಬಲ್ಲದ್ದು ವರ್ಷವಿಡೀ ಫಿಲ್ಟರಿಟ್ಟು, ತೂಗಿ, ನೆನೆಸಿ, ಕಾಯಿಸಿ, ಪ್ರತಿ ಮೂಲದ ಪಾಲನ್ನು ಬೇರೆ ಮಾಡುವ ಕೆಲಸ. ನನ್ನ ಅಂಗೈಯ ಡಬ್ಬಿಗೆ ಆ ಶಕ್ತಿಯಿಲ್ಲ. ನಮ್ಮ ಮಂಚದ ಕೆಳಗೆ ಒಬ್ಬ ಕಳ್ಳ ಸಿಕ್ಕಿದನೆಂದು ಊರಿನ ಬೇರೆ ಯಾರನ್ನೂ ಬಿಡುಗಡೆ ಮಾಡುವ ಹಕ್ಕು ನನಗೆ ಬರುವುದಿಲ್ಲ. ಹೀಗೆಂದು ನನ್ನ ಅರೆಬರೆ ತೆಲುಗಿನಲ್ಲಿ ಹೇಳಿದೆ. ಅವರು ಆನೆಯನ್ನು ಬಿಸಿಲಿಗಿಟ್ಟು, ತಾವೂ ಒಮ್ಮೆ ಕೆಮ್ಮಿ, ನಿಮ್ಮ ಡಬ್ಬಿಯನ್ನು ಒಂದು ರಾತ್ರಿ ನಮ್ಮ ಮನೆಗೂ ಕೊಡಿ ಎಂದರು.

ಮರುದಿನವೇ ವಿಜಯವಾಡದಿಂದ ಸೊಳ್ಳೆಪರದೆ ತಂದೆ. ಅದನ್ನು ಕಟ್ಟಲು ಗೋಡೆಗೆ ಮೊಳೆ ಹೊಡೆದೆ, ಇನ್ನಷ್ಟು ಧೂಳು ಉದುರಿತು. ಮೂರು ತಿಂಗಳಾಯಿತು. ರಾತ್ರಿ ಎದ್ದು ಕೂರುವುದು ಕಡಿಮೆಯಾಗಿದೆ, ನಿಂತಿಲ್ಲ. ವೈದ್ಯರ ಬಳಿಗೆ ಹೋದಾಗ ನನ್ನ ಹಳೆಯ ಉತ್ತರವನ್ನು ತಿದ್ದಿದೆ. ಅವರು ಕಡತದಲ್ಲಿ ಏನನ್ನೋ ಹೊಡೆದುಹಾಕಿ ಏನನ್ನೋ ಬರೆದುಕೊಂಡರು. ಇನ್‌ಹೇಲರ್ ಮುಂದುವರಿಯಲಿ ಎಂದರು.

ಕಪಾಟಿನಲ್ಲಿ ಸೊಳ್ಳೆಬತ್ತಿಯ ಎರಡು ಪೊಟ್ಟಣ ಒಡೆಯದೆ ಉಳಿದಿದ್ದವು. ಹಾಳುಮಾಡುವುದೇಕೆ, ಕೆಲಸಕ್ಕೆ ಬರುವಾಕೆಗೆ ಕೊಡೋಣ ಎಂದೆ. ಹೆಂಡತಿ ನನ್ನ ಕೈಯಿಂದ ಪೊಟ್ಟಣಗಳನ್ನು ತೆಗೆದುಕೊಂಡು, "ಆಕಿ ಮನ್ಯಾಗ ಕೂಸು ಅದ" ಎಂದಳು. ಬಚ್ಚಲಲ್ಲಿ ಬಕೆಟ್ಟಿನ ನೀರಿಗೆ ಸುರುಳಿಗಳನ್ನು ಒಂದೊಂದಾಗಿ ಹಾಕಿದಳು. ಸ್ವಲ್ಪ ಹೊತ್ತಿನಲ್ಲಿ ಅವು ಬಿಡಿಸಿಕೊಂಡು, ಮೆತ್ತಗಾಗಿ, ಹಸಿರು ಹೊಟ್ಟಾಗಿ ತಳಕ್ಕೆ ಇಳಿದವು. ಅವಳು ಬಕೆಟ್ಟಿನೊಳಗೆ ಬಗ್ಗಿ ನೋಡುತ್ತ ನಿಂತಿದ್ದಳು.